ಪ್ರಯೋಗಾಲಯ ಪರೀಕ್ಷಾ ದತ್ತಾಂಶದ ರಚನೆ (ಕುಡಿಯುವ ನೀರು)

ಪ್ರಯೋಗಾಲಯ ಪರೀಕ್ಷಾ ದತ್ತಾಂಶದ ರಚನೆ ಎಂದರೆ ಪ್ರಯೋಗಾಲಯದಲ್ಲಿ ದೊರೆತ ಫಲಿತಾಂಶಗಳನ್ನು ಸ್ಪ್ರೆಡ್‌ಶೀಟ್ ಹಾಳೆಗಳಿಂದ ದತ್ತಾಂಶ ನಿರ್ವಹಣಾ ತಂತ್ರಾಂಶಕ್ಕೆ ಸೇರಿಸುವ ಮೊದಲು, ಯಾವ ಮಾಹಿತಿ ಯಾವ ಕೋಷ್ಟಕದಲ್ಲಿ, ಯಾವ ರೂಪದಲ್ಲಿ, ಯಾವ ಏಕಮಾನದಲ್ಲಿ ಇರಬೇಕೆಂದು ನಿರ್ಧರಿಸುವ ಕ್ರಮ. ರೋಗಿಗಳ ರಕ್ತಪರೀಕ್ಷೆ, ಮಣ್ಣು ಪರೀಕ್ಷೆ, ಕುಡಿಯುವ ನೀರಿನ ಪರೀಕ್ಷೆ ಮುಂತಾದ ಎಲ್ಲ ಕ್ಷೇತ್ರಗಳಲ್ಲಿಯೂ ಈ ಕ್ರಮ ಬಳಕೆಯಲ್ಲಿದೆ. ಈ ಲೇಖನವು ಕುಡಿಯುವ ನೀರಿನ ಪರೀಕ್ಷಾ ದತ್ತಾಂಶವನ್ನು ಕುರಿತದ್ದಾಗಿದ್ದು, ಕರ್ನಾಟಕದ ಗದಗ ಜಿಲ್ಲೆಯ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದ ಸಂದರ್ಭದಿಂದ ಉದಾಹರಣೆಗಳನ್ನು ಆರಿಸಿಕೊಂಡಿದೆ.

ಹಾಳೆಯಲ್ಲಿ ಬರೆದ ಒಂದು ಸಂಖ್ಯೆಗೆ ತಾನಾಗಿಯೇ ಅರ್ಥವಿರುವುದಿಲ್ಲ. ಅದು ಯಾವ ಊರಿನ, ಯಾವ ಕೊಳವೆಬಾವಿಯ, ಯಾವ ದಿನದ ನೀರು, ಯಾವ ವಿಧಾನದಿಂದ ಪರೀಕ್ಷಿಸಿದ್ದು, ಯಾವ ಏಕಮಾನದಲ್ಲಿ ಹೇಳಿದ್ದು ಎಂಬ ಸಂಗತಿಗಳು ಹಾಳೆಯನ್ನು ಬರೆದವರ ನೆನಪಿನಲ್ಲಿರುತ್ತವೆ, ಹಾಳೆಯಲ್ಲಿ ಇರುವುದಿಲ್ಲ. ಈ ಪ್ರತಿಯೊಂದು ಸಂಗತಿಗೂ ಒಂದು ನಿಶ್ಚಿತ ಸ್ಥಾನ ಕಲ್ಪಿಸುವುದೇ ದತ್ತಾಂಶ ರಚನೆಯ ಮುಖ್ಯ ಉದ್ದೇಶ.

## ಹಿನ್ನೆಲೆ

ವಿದ್ಯುನ್ಮಾನ ಸ್ಪ್ರೆಡ್‌ಶೀಟ್ ಜನಪ್ರಿಯವಾದದ್ದು 1979ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ ತಂತ್ರಾಂಶದಿಂದ. ಲೆಕ್ಕಪತ್ರದ ಪುಸ್ತಕವನ್ನು ಗಣಕದ ಪರದೆಯ ಮೇಲೆ ತರುವುದು ಅದರ ಆಶಯವಾಗಿತ್ತು. ಅದಕ್ಕೂ ಮೊದಲೇ, 1970ರಲ್ಲಿ, ಐಬಿಎಂ ಸಂಸ್ಥೆಯ ಎಡ್ಗರ್ ಎಫ್. ಕಾಡ್ ಅವರು ದತ್ತಾಂಶವನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ಇರಿಸುವ ಸಿದ್ಧಾಂತವನ್ನು ಮಂಡಿಸಿದ್ದರು. ಇಂದಿನ ಬಹುಪಾಲು ದತ್ತಸಂಚಯಗಳಿಗೆ ಈ ಸಂಬಂಧಾತ್ಮಕ ಮಾದರಿಯೇ ಆಧಾರ. 2014ರಲ್ಲಿ ಹ್ಯಾಡ್ಲಿ ವಿಕ್‌ಹ್ಯಾಮ್ ಅವರು ಪ್ರತಿ ಅಂಕಣದಲ್ಲಿ ಒಂದು ಚರಾಂಶ, ಪ್ರತಿ ಸಾಲಿನಲ್ಲಿ ಒಂದು ಅವಲೋಕನ ಇರಬೇಕೆಂಬ ನಿಯಮವನ್ನು ‘ಅಚ್ಚುಕಟ್ಟಾದ ದತ್ತಾಂಶ’ ಎಂಬ ಹೆಸರಿನಲ್ಲಿ ನಿರೂಪಿಸಿದರು.

ಎರಡೂ ಸಾಧನಗಳಿಗೆ ಅವುಗಳದೇ ಉಪಯೋಗವಿದೆ. ಸ್ಪ್ರೆಡ್‌ಶೀಟ್‌ನಲ್ಲಿ ಯಾವ ಕೋಶದಲ್ಲಿ ಏನನ್ನಾದರೂ ಬರೆಯಬಹುದು. ಆ ಸ್ವಾತಂತ್ರ್ಯವೇ ಅದರ ಅನುಕೂಲ. ದತ್ತಸಂಚಯದಲ್ಲಿ ಮೊದಲೇ ಗೊತ್ತುಪಡಿಸಿದ ರೂಪದಲ್ಲಿ ಮಾತ್ರ ಬರೆಯಬಹುದು. ಆ ನಿರ್ಬಂಧವೇ ಅದರ ಬಲ. ಒಂದರಿಂದ ಮತ್ತೊಂದಕ್ಕೆ ಸಾಗುವಾಗ ಅಡಗಿದ್ದ ಅಸ್ಪಷ್ಟತೆಗಳು ಹೊರಬರುತ್ತವೆ, ಇಲ್ಲವೇ ಶಾಶ್ವತವಾಗಿ ಮುಚ್ಚಿಹೋಗುತ್ತವೆ.

## ಗದಗ ಜಿಲ್ಲೆಯ ಸಂದರ್ಭ

ಗದಗ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಜಿಲ್ಲೆಯ ದಕ್ಷಿಣದಲ್ಲಿ ತುಂಗಭದ್ರಾ ನದಿ ಹರಿಯುತ್ತದೆ. ಗದಗ, ಮುಂಡರಗಿ ಮತ್ತು ಶಿರಹಟ್ಟಿ ತಾಲ್ಲೂಕುಗಳಲ್ಲಿ ಕಪ್ಪತಗುಡ್ಡದ ಸಾಲು ಹಬ್ಬಿದೆ. ಗಟ್ಟಿ ಶಿಲೆಯ ಈ ಪ್ರದೇಶದಲ್ಲಿ ಕೊಳವೆಬಾವಿಗಳ ನೀರು ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತು, ಶಿಲೆಯಲ್ಲಿರುವ ಖನಿಜಾಂಶಗಳನ್ನು ಕರಗಿಸಿಕೊಳ್ಳುತ್ತದೆ. ಮುಂಡರಗಿ ಮತ್ತು ಶಿರಹಟ್ಟಿ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಬಹುಕಾಲದಿಂದ ದಾಖಲಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿನಲ್ಲಿ ಫ್ಲೋರೈಡಿಗೆ ಪ್ರತಿ ಲೀಟರಿಗೆ 1.5 ಮಿಲಿಗ್ರಾಂ ಮಾರ್ಗಸೂಚಿ ಮೌಲ್ಯವನ್ನು ಹೇಳಿದೆ. ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಸ್ವೀಕಾರಾರ್ಹ ಮಿತಿ 1.0, ಬೇರೆ ನೀರಿನ ಮೂಲವಿಲ್ಲದಿದ್ದಾಗ ಅನುಮತಿಸಬಹುದಾದ ಮಿತಿ 1.5. ಇದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ಮಕ್ಕಳು ಹಲ್ಲು ರೂಪುಗೊಳ್ಳುವ ವರ್ಷಗಳಲ್ಲಿ ಕುಡಿದರೆ ಹಲ್ಲಿನ ಹೊರಪದರದ ಮೇಲೆ ಕಲೆಗಳು ಉಳಿಯುತ್ತವೆ. ಪ್ರಮಾಣ ಇನ್ನೂ ಹೆಚ್ಚಾಗಿ, ಸೇವನೆ ಬಹುವರ್ಷ ಮುಂದುವರಿದರೆ ಮೂಳೆ ಮತ್ತು ಕೀಲುಗಳಿಗೂ ತೊಂದರೆಯಾಗುತ್ತದೆ. ರೂಪುಗೊಂಡ ಹಲ್ಲಿನ ಕಲೆ ಮುಂದೆ ಶುದ್ಧ ನೀರು ಕುಡಿದರೂ ಮಾಯವಾಗುವುದಿಲ್ಲ. ಹೀಗಾಗಿ ಒಂದು ಬಾವಿಯ ಫಲಿತಾಂಶ ಕೆಲವು ವರ್ಷ ತಪ್ಪಾಗಿ ದಾಖಲಾಗಿದ್ದರೆ, ಅದನ್ನು ಅನಂತರ ತಿದ್ದಿದರೂ ಆದ ಹಾನಿ ಸರಿಹೋಗುವುದಿಲ್ಲ.

2019ರಲ್ಲಿ ಘೋಷಿತವಾದ ಜಲ ಜೀವನ್ ಮಿಷನ್ ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಿಂದ ಪರಿಚಿತವಾಗಿದೆ. ಈ ಯೋಜನೆಯಡಿ ನೀರಿನ ಪರೀಕ್ಷಾ ಫಲಿತಾಂಶಗಳನ್ನು ದಾಖಲಿಸಲು ನೀರಿನ ಗುಣಮಟ್ಟ ನಿರ್ವಹಣಾ ಮಾಹಿತಿ ವ್ಯವಸ್ಥೆಯೊಂದು 2021ರಲ್ಲಿ ಬಳಕೆಗೆ ಬಂದಿತು. ಪ್ರಯೋಗಾಲಯದ ಪರೀಕ್ಷೆಗಳ ಜೊತೆಗೆ ಗ್ರಾಮಗಳ ಮಹಿಳೆಯರು ಕ್ಷೇತ್ರ ಪರೀಕ್ಷಾ ಪೆಟ್ಟಿಗೆಯಿಂದ ನಡೆಸುವ ಪರೀಕ್ಷೆಗಳೂ ಅದರಲ್ಲಿ ಸೇರುತ್ತವೆ. ಆದರೆ ಹಳೆಯ ವರ್ಷಗಳ ದಾಖಲೆಗಳು, ಕಾಲೇಜು ವಿದ್ಯಾರ್ಥಿಗಳ ಅಧ್ಯಯನಗಳು, ಸ್ವಯಂಸೇವಾ ಸಂಸ್ಥೆಗಳ ಸಮೀಕ್ಷೆಗಳು ಸಾಮಾನ್ಯವಾಗಿ ಸ್ಪ್ರೆಡ್‌ಶೀಟ್‌ಗಳಲ್ಲಿಯೇ ಉಳಿದಿರುತ್ತವೆ. ಇವನ್ನು ಒಟ್ಟುಗೂಡಿಸಿ ಹೋಲಿಸಬೇಕಾದಾಗ ದತ್ತಾಂಶ ರಚನೆಯ ಪ್ರಶ್ನೆ ಎದುರಾಗುತ್ತದೆ.

## ರಚನೆಯ ಮುಖ್ಯ ಕೋಷ್ಟಕಗಳು

ಒಂದೇ ದೊಡ್ಡ ಹಾಳೆಯಲ್ಲಿರುವ ಮಾಹಿತಿಯನ್ನು ದತ್ತಸಂಚಯದಲ್ಲಿ ಸಾಮಾನ್ಯವಾಗಿ ಕೆಳಗಿನ ಕೋಷ್ಟಕಗಳಾಗಿ ವಿಂಗಡಿಸಲಾಗುತ್ತದೆ.

* ಸ್ಥಳ – ಗ್ರಾಮ ಅಥವಾ ಜನವಸತಿಯ ಸಂಕೇತಸಂಖ್ಯೆ, ಹೆಸರು, ಗ್ರಾಮ ಪಂಚಾಯಿತಿ, ತಾಲ್ಲೂಕು.
* ಮಾದರಿ ಬಿಂದು – ನೀರನ್ನು ಸಂಗ್ರಹಿಸಿದ ನಿಶ್ಚಿತ ಜಾಗ: ಕೊಳವೆಬಾವಿ, ತೆರೆದ ಬಾವಿ, ಮೇಲ್ತೊಟ್ಟಿ, ಮನೆಯ ನಳ, ಶುದ್ಧ ಕುಡಿಯುವ ನೀರಿನ ಘಟಕ ಇತ್ಯಾದಿ; ಜೊತೆಗೆ ಅಕ್ಷಾಂಶ ಮತ್ತು ರೇಖಾಂಶ.
* ಮಾದರಿ – ಒಂದು ದಿನ ಒಂದು ಬಿಂದುವಿನಿಂದ ತುಂಬಿದ ನೀರು. ಸಂಗ್ರಹಿಸಿದ ದಿನಾಂಕ, ಪ್ರಯೋಗಾಲಯ ತಲುಪಿದ ದಿನಾಂಕ ಮತ್ತು ಪ್ರಯೋಗಾಲಯದ ಕ್ರಮಸಂಖ್ಯೆ ಇಲ್ಲಿರುತ್ತವೆ.
* ಪರೀಕ್ಷಾಂಶ – ಫ್ಲೋರೈಡ್, ನೈಟ್ರೇಟ್, ಒಟ್ಟು ಗಡಸುತನ, ಪಿಎಚ್ ಮುಂತಾದ ಅಂಶಗಳ ಪಟ್ಟಿ ಮತ್ತು ಪ್ರತಿಯೊಂದರ ಏಕಮಾನ.
* ವಿಧಾನ – ಪರೀಕ್ಷೆ ನಡೆಸಿದ ಕ್ರಮ ಮತ್ತು ಅದರ ಪತ್ತೆಮಿತಿ.
* ಫಲಿತಾಂಶ – ಒಂದು ಮಾದರಿಯಲ್ಲಿ ಒಂದು ಪರೀಕ್ಷಾಂಶಕ್ಕೆ ಒಂದು ವಿಧಾನದಿಂದ ದೊರೆತ ಒಂದು ಮೌಲ್ಯ.
* ಮಿತಿ – ಮಾನಕದ ಪ್ರಕಾರ ಪ್ರತಿ ಪರೀಕ್ಷಾಂಶಕ್ಕೆ ಇರುವ ಮಿತಿಗಳು ಮತ್ತು ಅವು ಜಾರಿಯಲ್ಲಿದ್ದ ಅವಧಿ.

ಪ್ರತಿ ಕೋಷ್ಟಕದ ಪ್ರತಿ ಸಾಲಿಗೂ ಮತ್ತೆಲ್ಲಿಯೂ ಪುನರಾವರ್ತನೆಯಾಗದ ಒಂದು ಗುರುತು ಇರಬೇಕು. ಇದಕ್ಕೆ ಪ್ರಧಾನ ಕೀಲಿ ಎಂದು ಹೆಸರು. ಒಂದು ಕೋಷ್ಟಕದ ಕೀಲಿಯನ್ನು ಮತ್ತೊಂದು ಕೋಷ್ಟಕದಲ್ಲಿ ನಮೂದಿಸಿ ಸಂಬಂಧ ಕಲ್ಪಿಸಿದಾಗ ಅದನ್ನು ಪರಕೀಲಿ ಎನ್ನುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ವಿದ್ಯಾರ್ಥಿಯ ವಿಳಾಸವನ್ನು ಪ್ರತಿದಿನ ಬರೆಯದೆ ಕ್ರಮಸಂಖ್ಯೆಯನ್ನಷ್ಟೇ ಬಳಸುವಂತೆ, ಫಲಿತಾಂಶದ ಕೋಷ್ಟಕದಲ್ಲಿ ಊರಿನ ಹೆಸರನ್ನು ಬರೆಯದೆ ಮಾದರಿಯ ಕೀಲಿಯನ್ನು ಮಾತ್ರ ಬರೆಯಲಾಗುತ್ತದೆ. ಮಾದರಿಯು ಬಿಂದುವನ್ನೂ, ಬಿಂದುವು ಸ್ಥಳವನ್ನೂ ತೋರಿಸುತ್ತದೆ.

### ಮಾದರಿ ಬಿಂದುವಿನ ಮಹತ್ವ

ಅನೇಕ ಹಾಳೆಗಳಲ್ಲಿ ಊರಿನ ಹೆಸರು ಮಾತ್ರ ಇದ್ದು, ನೀರು ಎಲ್ಲಿಂದ ಬಂದದ್ದೆಂಬ ವಿವರ ಇರುವುದಿಲ್ಲ. ಒಂದು ಊರಿನ ಕೊಳವೆಬಾವಿಯಲ್ಲಿ ಫ್ಲೋರೈಡ್ 2.4 ಮಿ.ಗ್ರಾಂ., ಅದೇ ಊರಿನ ಶುದ್ಧ ನೀರಿನ ಘಟಕದಲ್ಲಿ 0.3 ಮಿ.ಗ್ರಾಂ. ಇದೆಯೆಂದು ಭಾವಿಸೋಣ. ಎರಡನ್ನೂ ‘ಊರಿನ ನೀರು’ ಎಂದು ದಾಖಲಿಸಿ ಸರಾಸರಿ ತೆಗೆದರೆ 1.35 ಬರುತ್ತದೆ. ಅದು 1.5ರ ಒಳಗಿರುವುದರಿಂದ ಊರು ಸುರಕ್ಷಿತವೆಂದು ವರದಿ ಹೇಳುತ್ತದೆ. ವಾಸ್ತವದಲ್ಲಿ ಘಟಕದ ನೀರನ್ನು ತರುವ ಮನೆಗಳಿಗೆ ತೊಂದರೆಯಿಲ್ಲ. ಕೊಳವೆಬಾವಿಯ ನೀರನ್ನೇ ಕುಡಿಯುವ ಮನೆಗಳಿಗೆ ಅಪಾಯವಿದೆ. 1.35 ಎಂಬ ನೀರನ್ನು ಆ ಊರಿನಲ್ಲಿ ಯಾರೂ ಕುಡಿಯುತ್ತಿಲ್ಲ. ಇಲ್ಲಿ ಪರೀಕ್ಷೆಯೂ ಸರಿ, ಗಣಿತವೂ ಸರಿ. ರಚನೆ ಮಾತ್ರ ತಪ್ಪು.

ಗದಗ-ಬೆಟಗೇರಿಯಂತಹ ನಗರದಲ್ಲಿಯೂ ನದಿಯಿಂದ ಬರುವ ನಳದ ನೀರು ಮತ್ತು ಮನೆಯ ಕೊಳವೆಬಾವಿಯ ನೀರು ಬೇರೆ ಬೇರೆ ಬಿಂದುಗಳಾಗಿ ದಾಖಲಾಗಬೇಕು. ಬಹುಗ್ರಾಮ ಯೋಜನೆಯ ನೀರು ತಲುಪುವ ಹಳ್ಳಿಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ನದಿನೀರಿನ ಪೂರೈಕೆ ನಿಂತ ದಿನಗಳಲ್ಲಿ ಹಳೆಯ ಕೊಳವೆಬಾವಿಯ ನೀರನ್ನು ಅದೇ ತೊಟ್ಟಿಗೆ ಏರಿಸಿದರೆ, ಒಂದೇ ನಳದಲ್ಲಿ ಎರಡು ಬಗೆಯ ನೀರು ಬರುತ್ತದೆ. ಆದ್ದರಿಂದ ಮಾದರಿಯ ಕೋಷ್ಟಕದಲ್ಲಿ ‘ಆ ದಿನದ ಮೂಲ’ ಎಂಬ ಅಂಕಣ ಇರುವುದು ಉಚಿತ.

## ಅಗಲ ಹಾಳೆಯಿಂದ ಉದ್ದ ಕೋಷ್ಟಕಕ್ಕೆ

ಪ್ರಯೋಗಾಲಯದ ಹಾಳೆಯಲ್ಲಿ ಸಾಮಾನ್ಯವಾಗಿ ಒಂದು ಮಾದರಿಗೆ ಒಂದು ಸಾಲು, ಒಂದು ಪರೀಕ್ಷಾಂಶಕ್ಕೆ ಒಂದು ಅಂಕಣ ಇರುತ್ತದೆ. ಇದನ್ನು ಅಗಲ ರೂಪ ಎನ್ನಬಹುದು. ಕೆಳಗಿನ ಮೌಲ್ಯಗಳು ವಿವರಣೆಗಾಗಿ ಕಲ್ಪಿಸಿದವು.

| ಮಾದರಿ | ಪಿಎಚ್ | ಫ್ಲೋರೈಡ್ | ನೈಟ್ರೇಟ್ |
|---|---|---|---|
| 101 | 7.8 | 2.4 | 38 |
| 102 | 7.2 | <0.2 | |

ದತ್ತಸಂಚಯದಲ್ಲಿ ಇದೇ ಮಾಹಿತಿ ಉದ್ದ ರೂಪಕ್ಕೆ ತಿರುಗುತ್ತದೆ.

| ಮಾದರಿ | ಪರೀಕ್ಷಾಂಶ | ಚಿಹ್ನೆ | ಮೌಲ್ಯ | ಏಕಮಾನ | ಸ್ಥಿತಿ |
|---|---|---|---|---|---|
| 101 | ಪಿಎಚ್ | = | 7.8 | – | ಪರೀಕ್ಷಿಸಿದೆ |
| 101 | ಫ್ಲೋರೈಡ್ | = | 2.4 | ಮಿ.ಗ್ರಾಂ./ಲೀ. | ಪರೀಕ್ಷಿಸಿದೆ |
| 101 | ನೈಟ್ರೇಟ್ | = | 38 | ಮಿ.ಗ್ರಾಂ./ಲೀ. | ಪರೀಕ್ಷಿಸಿದೆ |
| 102 | ಪಿಎಚ್ | = | 7.2 | – | ಪರೀಕ್ಷಿಸಿದೆ |
| 102 | ಫ್ಲೋರೈಡ್ | < | 0.2 | ಮಿ.ಗ್ರಾಂ./ಲೀ. | ಪರೀಕ್ಷಿಸಿದೆ |
| 102 | ನೈಟ್ರೇಟ್ | | | | ಪರೀಕ್ಷಿಸಿಲ್ಲ |

ಉದ್ದ ರೂಪ ಕಣ್ಣಿಗೆ ಅಷ್ಟು ಹಿತವಲ್ಲ. ಆದರೆ ಪ್ರತಿ ಮೌಲ್ಯಕ್ಕೂ ಅದರದೇ ಏಕಮಾನ, ವಿಧಾನ ಮತ್ತು ಸ್ಥಿತಿಯನ್ನು ಬರೆಯಲು ಇದರಲ್ಲಿ ಸ್ಥಳವಿದೆ. ಮುಂದೆ ಹೊಸ ಪರೀಕ್ಷಾಂಶವೊಂದು ಸೇರಿದಾಗ ಕೋಷ್ಟಕದ ರೂಪವನ್ನು ಬದಲಿಸಬೇಕಾಗಿಲ್ಲ. ಪರೀಕ್ಷಾಂಶದ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಸಾಕು.

## ಖಾಲಿ ಕೋಶ, ಸೊನ್ನೆ ಮತ್ತು ಪತ್ತೆಮಿತಿ

ಹಾಳೆಯ ಖಾಲಿ ಕೋಶಕ್ಕೆ ಹಲವು ಅರ್ಥಗಳಿರಬಹುದು: ಪರೀಕ್ಷೆ ನಡೆಸಲಿಲ್ಲ, ರಾಸಾಯನಿಕ ಮುಗಿದಿತ್ತು, ಸೀಸೆ ಒಡೆಯಿತು, ಪರೀಕ್ಷಿಸಿದರೂ ಏನೂ ಕಾಣಲಿಲ್ಲ, ಬರೆಯಲು ಮರೆತರು. ಆಮದು ಮಾಡುವಾಗ ಖಾಲಿ ಕೋಶಗಳನ್ನೆಲ್ಲ ಸೊನ್ನೆ ಎಂದು ತುಂಬಿದರೆ, ಎಂದೂ ಪರೀಕ್ಷೆಯಾಗದ ಬಾವಿಯು ದಾಖಲೆಯಲ್ಲಿ ಜಿಲ್ಲೆಯ ಅತ್ಯಂತ ಶುದ್ಧ ಬಾವಿಯಾಗಿ ಕಾಣಿಸುತ್ತದೆ. ದತ್ತಸಂಚಯಗಳಲ್ಲಿ ‘ಮೌಲ್ಯವಿಲ್ಲ’ ಎಂಬುದನ್ನು ಸೂಚಿಸಲು ಸೊನ್ನೆಗಿಂತ ಭಿನ್ನವಾದ ‘ನಲ್’ ಎಂಬ ಸ್ಥಿತಿ ಇದೆ. ಅದನ್ನು ಬಳಸಿ, ಕಾರಣವನ್ನು ಸ್ಥಿತಿಯ ಅಂಕಣದಲ್ಲಿ ಬೇರೆಯಾಗಿ ಬರೆಯಬೇಕು.

‘<0.2’ ಎಂಬ ಬರಹವೂ ಎಚ್ಚರಿಕೆಯನ್ನು ಬಯಸುತ್ತದೆ. ಬಳಸಿದ ವಿಧಾನಕ್ಕೆ 0.2ಕ್ಕಿಂತ ಕಡಿಮೆ ಪ್ರಮಾಣವನ್ನು ಗುರುತಿಸುವ ಶಕ್ತಿ ಇಲ್ಲವೆಂಬುದು ಅದರ ಅರ್ಥ. ನೀರಿನಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲವೆಂದಲ್ಲ. ಚಿಹ್ನೆಯನ್ನು ಅಳಿಸಿದರೆ ‘0.2 ಇದೆ’ ಎಂದಾಗುತ್ತದೆ. ಹಾಗೆಯೇ ಉಳಿಸಿದರೆ ಇಡೀ ಅಂಕಣ ಪಠ್ಯವೆಂದು ಪರಿಗಣಿತವಾಗಿ ಲೆಕ್ಕಾಚಾರ ನಿಲ್ಲುತ್ತದೆ. ಆದ್ದರಿಂದ ಚಿಹ್ನೆಗೆ ಒಂದು, ಸಂಖ್ಯೆಗೆ ಒಂದು ಎಂದು ಎರಡು ಅಂಕಣಗಳನ್ನು ಇಡುವುದು ರೂಢಿ.

ಫ್ಲೋರೈಡನ್ನು ಬಣ್ಣದ ತೀವ್ರತೆಯಿಂದ ಅಳೆಯುವ ಸ್ಪ್ಯಾಡ್ನ್ಸ್ ವಿಧಾನ, ಅಯಾನು ಆಯ್ದ ವಿದ್ಯುದ್ವಾರದ ವಿಧಾನ, ಮತ್ತು ಕ್ಷೇತ್ರ ಪೆಟ್ಟಿಗೆಯ ಬಣ್ಣಪಟ್ಟಿಯೊಡನೆ ಹೋಲಿಸುವ ವಿಧಾನ – ಇವುಗಳ ನಿಖರತೆ ಸಮಾನವಲ್ಲ. ಬಣ್ಣಪಟ್ಟಿಯಿಂದ ಓದಿದ 1.5 ಒಂದು ಅಂದಾಜು. ವಿದ್ಯುದ್ವಾರದಿಂದ ದೊರೆತ 1.52 ಒಂದು ಅಳತೆ. ಎರಡನ್ನೂ ಒಂದೇ ಅಂಕಣದಲ್ಲಿ ವಿಧಾನದ ಉಲ್ಲೇಖವಿಲ್ಲದೆ ಇರಿಸುವುದು ಸಲ್ಲದು.

## ಏಕಮಾನ ಮತ್ತು ಅಭಿವ್ಯಕ್ತಿ

ನೈಟ್ರೇಟಿನ ಪ್ರಮಾಣವನ್ನು ಎರಡು ರೀತಿಯಲ್ಲಿ ಹೇಳುವ ಪದ್ಧತಿ ಇದೆ: ಇಡೀ ನೈಟ್ರೇಟ್ ಅಯಾನಿನ ತೂಕವಾಗಿ, ಅಥವಾ ಅದರಲ್ಲಿರುವ ಸಾರಜನಕದ ತೂಕವಾಗಿ. ಎರಡರ ಏಕಮಾನವೂ ಮಿ.ಗ್ರಾಂ./ಲೀ.; ಆದರೆ ಮೊದಲನೆಯದು ಎರಡನೆಯದರ ಸುಮಾರು 4.43 ಪಟ್ಟು. ಭಾರತೀಯ ಮಾನಕದ 45 ಮಿ.ಗ್ರಾಂ. ಮಿತಿಯು ನೈಟ್ರೇಟ್ ಆಗಿ ಹೇಳಿದ್ದು. ಸಾರಜನಕವಾಗಿ ಅದು ಸುಮಾರು 10 ಮಾತ್ರ. ಸಾರಜನಕವಾಗಿ 20 ಎಂದು ಬರೆದ ಮಾದರಿಯಲ್ಲಿ ನೈಟ್ರೇಟ್ ಸುಮಾರು 88 ಮಿ.ಗ್ರಾಂ. ಇರುತ್ತದೆ. ಆ 20ನ್ನು ನೇರವಾಗಿ 45ರೊಡನೆ ಹೋಲಿಸಿದರೆ ಮಿತಿಯ ಸುಮಾರು ಎರಡು ಪಟ್ಟಿರುವ ನೀರು ಉತ್ತಮವೆಂದು ದಾಖಲಾಗುತ್ತದೆ.

ಒಟ್ಟು ಗಡಸುತನ ಮತ್ತು ಕ್ಷಾರೀಯತೆಯನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಆದಕಾರಣ ಪರೀಕ್ಷಾಂಶದ ಕೋಷ್ಟಕದಲ್ಲಿ ‘ಏಕಮಾನ’ದ ಪಕ್ಕದಲ್ಲಿ ‘ಯಾವುದಾಗಿ ಹೇಳಿದೆ’ ಎಂಬ ಮತ್ತೊಂದು ಅಂಕಣ ಅಗತ್ಯ. ಹಾಳೆಯ ಶಿರೋನಾಮೆಯಲ್ಲಿ ಈ ವಿವರ ಇಲ್ಲದಿದ್ದರೆ, ಊಹಿಸಿ ತುಂಬುವ ಬದಲು ಪ್ರಯೋಗಾಲಯವನ್ನು ಕೇಳಿ ತಿಳಿಯಬೇಕು.

## ಸ್ಥಳನಾಮಗಳು ಮತ್ತು ತಾಲ್ಲೂಕುಗಳ ಬದಲಾವಣೆ

ಸ್ಥಳನಾಮವನ್ನು ಕೀಲಿಯಾಗಿ ಬಳಸುವುದು ಮೇಲ್ನೋಟಕ್ಕೆ ಸಹಜವೆನಿಸಿದರೂ ಅದರಿಂದ ಹಲವು ತೊಡಕುಗಳು ಉಂಟಾಗುತ್ತವೆ. ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗ ಶಿರಹಟ್ಟಿಯನ್ನು ‘ಶಿರ್‌ಹಟ್ಟಿ’ ಎಂದೂ, ಮುಂಡರಗಿಯನ್ನು ‘ಮುಂಡರ್ಗಿ’ ಎಂದೂ, ಬೆಟಗೇರಿಯನ್ನು ‘ಬೆಟ್ಗೇರಿ’ ಎಂದೂ ಓದಿಸುವ ಕಾಗುಣಿತಗಳು ಬಳಕೆಯಲ್ಲಿವೆ. ಲಕ್ಷ್ಮೇಶ್ವರದ ‘ಕ್ಷ’ಕ್ಕೆ ಒಬ್ಬರು ಒಂದು ಅಕ್ಷರ, ಇನ್ನೊಬ್ಬರು ಮೂರು ಅಕ್ಷರ ಬಳಸುತ್ತಾರೆ. ಓದುಗನಿಗೆ ಒಂದೇ ಆಗಿರುವ ಊರು ಗಣಕಕ್ಕೆ ಎರಡಾಗುತ್ತದೆ.

ಆಡಳಿತದ ಗಡಿಗಳೂ ಸ್ಥಿರವಲ್ಲ. ಲಕ್ಷ್ಮೇಶ್ವರವು ಹಿಂದೆ ಶಿರಹಟ್ಟಿ ತಾಲ್ಲೂಕಿಗೆ ಸೇರಿತ್ತು. 2017ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ 49 ಹೊಸ ತಾಲ್ಲೂಕುಗಳಲ್ಲಿ ಲಕ್ಷ್ಮೇಶ್ವರ ಮತ್ತು ಗಜೇಂದ್ರಗಡ ಗದಗ ಜಿಲ್ಲೆಯವು. ಆದ್ದರಿಂದ ಒಂದೇ ಹಳ್ಳಿಯ ಒಂದೇ ಬಾವಿಯು 1997ಕ್ಕೆ ಮೊದಲಿನ ದಾಖಲೆಯಲ್ಲಿ ‘ಧಾರವಾಡ ಜಿಲ್ಲೆ, ಶಿರಹಟ್ಟಿ ತಾಲ್ಲೂಕು’ ಎಂದೂ, 2011ರ ದಾಖಲೆಯಲ್ಲಿ ‘ಗದಗ ಜಿಲ್ಲೆ, ಶಿರಹಟ್ಟಿ ತಾಲ್ಲೂಕು’ ಎಂದೂ, ಇಂದಿನ ದಾಖಲೆಯಲ್ಲಿ ‘ಗದಗ ಜಿಲ್ಲೆ, ಲಕ್ಷ್ಮೇಶ್ವರ ತಾಲ್ಲೂಕು’ ಎಂದೂ ಇರಲು ಸಾಧ್ಯ. ತಾಲ್ಲೂಕಿನ ಹೆಸರಿನಿಂದ ಎಣಿಸಿದರೆ ಶಿರಹಟ್ಟಿ ತಾಲ್ಲೂಕಿನಲ್ಲಿ ಕಲುಷಿತ ಮೂಲಗಳ ಸಂಖ್ಯೆ ಒಮ್ಮೆಲೇ ಇಳಿದಂತೆ ಕಾಣಬಹುದು. ಇಳಿದದ್ದು ಫ್ಲೋರೈಡ್ ಅಲ್ಲ, ಹಳ್ಳಿಗಳ ಸಂಖ್ಯೆ.

ಇದಕ್ಕೆ ಪರಿಹಾರವೆಂದರೆ ಜನಗಣತಿಯ ಗ್ರಾಮಸಂಕೇತ ಅಥವಾ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ನಿರ್ದೇಶಿಕೆಯ ಸಂಕೇತಸಂಖ್ಯೆಯನ್ನು ಕೀಲಿಯಾಗಿ ಬಳಸಿ, ತಾಲ್ಲೂಕಿನ ಸಂಬಂಧವನ್ನು ‘ಎಂದಿನಿಂದ – ಎಂದಿನವರೆಗೆ’ ಎಂಬ ಅವಧಿಯೊಡನೆ ಬೇರೆ ಕೋಷ್ಟಕದಲ್ಲಿ ಇರಿಸುವುದು. ಹಳೆಯ ಕಾಗುಣಿತಗಳನ್ನು ಅಳಿಸದೆ ‘ಪರ್ಯಾಯ ಹೆಸರು’ ಎಂಬ ಪಟ್ಟಿಯಲ್ಲಿ ಉಳಿಸಿಕೊಂಡರೆ ಮುಂದಿನ ಹಾಳೆಗಳನ್ನು ಹೊಂದಿಸುವುದು ಸುಲಭ.

ತಾಂಡಾಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ತಾಂಡಾವೊಂದು ಕಂದಾಯ ಗ್ರಾಮವಾಗಿ ಘೋಷಿತವಾಗಿರದಿದ್ದರೆ ಅದಕ್ಕೆ ಪ್ರತ್ಯೇಕ ಗ್ರಾಮಸಂಕೇತ ಇರುವುದಿಲ್ಲ. ಅದು ಮೂಲ ಗ್ರಾಮದ ಸಂಕೇತದಲ್ಲಿಯೇ ಅಡಗಿರುತ್ತದೆ. ಆದರೆ ಅದರ ಕೊಳವೆಬಾವಿ ಬೇರೆ, ಬಂಡೆ ಬೇರೆ, ನೀರೂ ಬೇರೆ. ಗ್ರಾಮಮಟ್ಟದಲ್ಲಿ ಮಾತ್ರ ರಚನೆಯನ್ನು ನಿಲ್ಲಿಸಿದರೆ ಊರಿನ ಫಲಿತಾಂಶವೇ ತಾಂಡಾದ ಫಲಿತಾಂಶವಾಗುತ್ತದೆ. ಜನವಸತಿಯನ್ನು ಗ್ರಾಮದ ಕೆಳಗಿನ ಪ್ರತ್ಯೇಕ ಹಂತವಾಗಿ ಇಟ್ಟಾಗ ಮಾತ್ರ ಅಲ್ಲಿನ ನೀರಿನ ಪರೀಕ್ಷೆ ನಡೆದಿದೆಯೋ ಇಲ್ಲವೋ ಎಂಬುದಾದರೂ ತಿಳಿಯುತ್ತದೆ.

## ಕನ್ನಡ ಲಿಪಿಯ ಸಮಸ್ಯೆಗಳು

ಹಳೆಯ ಕನ್ನಡ ಹಾಳೆಗಳಲ್ಲಿ ಹಲವು ನುಡಿ ಅಥವಾ ಬರಹ ತಂತ್ರಾಂಶಗಳ ಯುನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಸಿದ್ಧವಾದವು. ಇಂತಹ ಕಡತಗಳಲ್ಲಿ ಕನ್ನಡ ಅಕ್ಷರಗಳು ರೋಮನ್ ಅಕ್ಷರಗಳ ಸಂಕೇತಗಳಲ್ಲಿ ಶೇಖರವಾಗಿದ್ದು, ಅಕ್ಷರಶೈಲಿಯ ಬಲದಿಂದಷ್ಟೇ ಕನ್ನಡವಾಗಿ ಕಾಣುತ್ತವೆ. ದತ್ತಸಂಚಯಕ್ಕೆ ಸೇರಿದೊಡನೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಂಪಾಗುತ್ತವೆ. ಆದಕಾರಣ ಮೊದಲು ಯುನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಒತ್ತಕ್ಷರಗಳು ಕೆಟ್ಟಿವೆಯೇ ಎಂದು ನೋಡಿ, ಅನಂತರ ಆಮದು ಮಾಡಬೇಕು.

ಯುನಿಕೋಡಿನಲ್ಲಿಯೂ ಒಂದು ಸೂಕ್ಷ್ಮವಿದೆ. ‘ಲಕ್ಷ್ಮೇಶ್ವರ’ದಲ್ಲಿರುವ ಏತ್ವವನ್ನು (ೇ) ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಗಣಕದ ಹೋಲಿಕೆಯಲ್ಲಿ ಬೇರೆ. ಯುನಿಕೋಡ್ ಸಾಮಾನ್ಯೀಕರಣ ಎಂಬ ಕ್ರಿಯೆಯಿಂದ ಎಲ್ಲ ಹೆಸರುಗಳನ್ನೂ ಒಂದೇ ರೂಪಕ್ಕೆ ತರಬೇಕು. ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರಗಳನ್ನೂ ಇದೇ ಹಂತದಲ್ಲಿ ಗಮನಿಸಬೇಕು.

ಕನ್ನಡ ಅಂಕಿಗಳಲ್ಲಿ ಬರೆದ ‘೧.೫’ ಎಂಬುದನ್ನು ಅನೇಕ ತಂತ್ರಾಂಶಗಳು ಪಠ್ಯವೆಂದೇ ತಿಳಿಯುತ್ತವೆ. ಕನ್ನಡದ ಸೊನ್ನೆ (೦) ಮತ್ತು ಅನುಸ್ವಾರ (ಂ) ನೋಡಲು ಒಂದೇ ಬಗೆ. ಬೆರಳಚ್ಚಿನಲ್ಲಿ ಒಂದರ ಬದಲು ಮತ್ತೊಂದು ಬಿದ್ದರೆ ಆ ಮೌಲ್ಯ ಸಂಖ್ಯೆಯಾಗಿ ಪರಿವರ್ತನೆಯಾಗುವುದಿಲ್ಲ. ಅಂಕಿಗಳನ್ನು ಪರಿವರ್ತಿಸಿದ ಮೇಲೆ ಸಂಖ್ಯೆಯಾಗದೆ ಉಳಿದ ಕೋಶಗಳ ಪಟ್ಟಿಯನ್ನು ತೆಗೆದು ಒಂದೊಂದಾಗಿ ನೋಡುವುದು ಕ್ಷೇಮ.

## ದಿನಾಂಕ ಮತ್ತು ಕ್ರಮಸಂಖ್ಯೆ

ಸ್ಪ್ರೆಡ್‌ಶೀಟ್‌ಗಳು ದಿನಾಂಕವನ್ನು ಒಳಗೆ ಒಂದು ಸಂಖ್ಯೆಯಾಗಿ ಇರಿಸಿಕೊಳ್ಳುತ್ತವೆ. ಎಕ್ಸೆಲ್‌ನ ಸಾಮಾನ್ಯ ಪದ್ಧತಿಯಲ್ಲಿ 2020ರ ಜನವರಿ 1 ಎಂದರೆ 43831. ಆಮದಿನ ನಂತರ ದಿನಾಂಕದ ಅಂಕಣದಲ್ಲಿ ಇಂತಹ ಐದಂಕಿಯ ಸಂಖ್ಯೆ ಕಂಡರೆ ಕಾರಣ ಇದೇ. 5-6-2022 ಎಂಬುದು ಭಾರತದಲ್ಲಿ ಜೂನ್ 5. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಗಣಕದಲ್ಲಿ ಮೇ 6. ನೀರಿನ ಮಾದರಿಗಳನ್ನು ಮುಂಗಾರಿನ ಮೊದಲು ಮತ್ತು ನಂತರ ಎಂದು ವಿಂಗಡಿಸುವುದರಿಂದ ತಿಂಗಳ ಈ ಅದಲುಬದಲು ಋತುವನ್ನೇ ಬದಲಿಸುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2022-06-05 ಎಂದು ಬರೆಯುವ ಅಂತಾರಾಷ್ಟ್ರೀಯ ರೂಪ ಈ ಗೊಂದಲವನ್ನು ತಪ್ಪಿಸುತ್ತದೆ.

‘12/5’ ಎಂಬ ಪ್ರಯೋಗಾಲಯದ ಕ್ರಮಸಂಖ್ಯೆಯನ್ನು ಸ್ಪ್ರೆಡ್‌ಶೀಟ್ ತಾನಾಗಿಯೇ ದಿನಾಂಕವಾಗಿ ಮಾರ್ಪಡಿಸುವುದೂ ಉಂಟು. ‘0047’ ಎಂಬುದರ ಮೊದಲ ಸೊನ್ನೆಗಳನ್ನು ಅಳಿಸುವುದೂ ಉಂಟು. ಇದು ಸಣ್ಣ ಪ್ರಯೋಗಾಲಯಗಳ ಸಮಸ್ಯೆ ಮಾತ್ರವಲ್ಲ. ಮಾನವ ಜೀನ್‌ಗಳಲ್ಲಿ ಕೆಲವುಗಳ ಸಂಕ್ಷಿಪ್ತ ಹೆಸರುಗಳು ಮಾರ್ಚ್, ಸೆಪ್ಟೆಂಬರ್ ತಿಂಗಳುಗಳ ಸಂಕ್ಷೇಪದಂತಿದ್ದು ದಿನಾಂಕಗಳಾಗಿ ಬದಲಾಗುತ್ತಿದ್ದುದರಿಂದ, 2020ರಲ್ಲಿ ಅಂತಾರಾಷ್ಟ್ರೀಯ ನಾಮಕರಣ ಸಮಿತಿಯ ಹೊಸ ಮಾರ್ಗಸೂಚಿಯು ಅಂತಹ ಜೀನ್‌ಗಳ ಹೆಸರುಗಳ ಬದಲಾವಣೆಯನ್ನು ಪ್ರಕಟಿಸಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ 65,536 ಸಾಲುಗಳಿಗಷ್ಟೇ ಸ್ಥಳವಿರುವ ಹಳೆಯ ಎಕ್ಸೆಲ್ ಕಡತದ ರೂಪವನ್ನು ಬಳಸಿದ್ದರಿಂದ 15,841 ಕೋವಿಡ್ ಪ್ರಕರಣಗಳು ಸಕಾಲದಲ್ಲಿ ವರದಿಯಾಗದೆ ಉಳಿದವು.

## ಮಾನಕದ ಮಿತಿಗಳು

‘ಉತ್ತಮ’ ಅಥವಾ ‘ಕಲುಷಿತ’ ಎಂಬ ತೀರ್ಮಾನವನ್ನು ಫಲಿತಾಂಶದ ಕೋಷ್ಟಕದಲ್ಲಿ ಬರೆದಿಡಬಾರದು. ಮೌಲ್ಯವನ್ನು ಮಿತಿಯೊಡನೆ ಹೋಲಿಸಿ ಬೇಕಾದಾಗ ಪಡೆಯಬೇಕು. ಮಾನಕಗಳು ಬದಲಾಗುವುದೇ ಇದಕ್ಕೆ ಕಾರಣ. ಉದಾಹರಣೆಗೆ, ಐಎಸ್ 10500:2012ರಲ್ಲಿ ಕಬ್ಬಿಣದ ಮಿತಿ 0.3 ಮಿ.ಗ್ರಾಂ./ಲೀ. ಇದ್ದು, ನಂತರದ ತಿದ್ದುಪಡಿಯಲ್ಲಿ 1.0 ಆಯಿತು. ಪ್ರಮುಖ ಪರೀಕ್ಷಾಂಶಗಳ ಮಿತಿಗಳು ಹೀಗಿವೆ.

| ಪರೀಕ್ಷಾಂಶ | ಸ್ವೀಕಾರಾರ್ಹ | ಬೇರೆ ಮೂಲವಿಲ್ಲದಾಗ |
|---|---|---|
| ಪಿಎಚ್ | 6.5–8.5 | ಸಡಿಲಿಕೆ ಇಲ್ಲ |
| ಫ್ಲೋರೈಡ್ (ಮಿ.ಗ್ರಾಂ./ಲೀ.) | 1.0 | 1.5 |
| ನೈಟ್ರೇಟ್ (ಮಿ.ಗ್ರಾಂ./ಲೀ.) | 45 | ಸಡಿಲಿಕೆ ಇಲ್ಲ |
| ಒಟ್ಟು ಕರಗಿದ ಘನಾಂಶ (ಮಿ.ಗ್ರಾಂ./ಲೀ.) | 500 | 2000 |
| ಒಟ್ಟು ಗಡಸುತನ (ಮಿ.ಗ್ರಾಂ./ಲೀ.) | 200 | 600 |
| ಕ್ಲೋರೈಡ್ (ಮಿ.ಗ್ರಾಂ./ಲೀ.) | 250 | 1000 |

ಎರಡು ಮಿತಿಗಳಿರುವುದರಿಂದ ಒಂದೇ ಅಂಕಣದಲ್ಲಿ ‘ಹೌದು/ಅಲ್ಲ’ ಎಂದು ಬರೆಯುವುದು ಸಾಲದು. ಫ್ಲೋರೈಡ್ 1.3 ಇರುವ ಬಾವಿಯು ಬೇರೆ ಮೂಲವಿದ್ದಲ್ಲಿ ಸ್ವೀಕಾರಾರ್ಹವಲ್ಲ, ಇಲ್ಲದಿದ್ದಲ್ಲಿ ಅನುಮತಿಸಬಹುದಾದದ್ದು. ಬೇರೆ ಮೂಲ ಇದೆಯೇ ಎಂಬ ಮಾಹಿತಿ ಸ್ಥಳದ ಕೋಷ್ಟಕದಲ್ಲಿ ಇದ್ದರೆ ಮಾತ್ರ ಈ ವ್ಯತ್ಯಾಸವನ್ನು ತೋರಿಸಲು ಸಾಧ್ಯ.

## ಆಮದಿನ ಕ್ರಮ ಮತ್ತು ಪರಿಶೀಲನೆ

1. ಮೂಲ ಹಾಳೆಯ ಪ್ರತಿಯೊಂದನ್ನು ತಿದ್ದದೆ ಹಾಗೆಯೇ ಕಾದಿರಿಸುವುದು.
2. ಪ್ರತಿ ಅಂಕಣದ ಅರ್ಥ, ಏಕಮಾನ ಮತ್ತು ಅನುಮತ ಮೌಲ್ಯಗಳನ್ನು ವಿವರಿಸುವ ದತ್ತಾಂಶ ನಿಘಂಟನ್ನು ಬರೆಯುವುದು.
3. ಕೂಡಿಸಿದ ಕೋಶಗಳನ್ನು ಬಿಡಿಸುವುದು. ಬಣ್ಣದಿಂದ ಸೂಚಿಸಿದ ಅರ್ಥವನ್ನು ಅಕ್ಷರದಲ್ಲಿ ಬರೆಯುವುದು. ಮಿತಿ ಮೀರಿದ ಕೋಶಕ್ಕೆ ಬಳಿದ ಕೆಂಪು ಬಣ್ಣ ಆಮದಿನಲ್ಲಿ ಉಳಿಯುವುದಿಲ್ಲ.
4. ಹಾಳೆಯನ್ನು ಯುಟಿಎಫ್-8 ಸಂಕೇತದ ಸಿಎಸ್‌ವಿ ಕಡತವಾಗಿ ಉಳಿಸಿ, ಮೊದಲು ತಾತ್ಕಾಲಿಕ ಕೋಷ್ಟಕಕ್ಕೆ ಎಲ್ಲವನ್ನೂ ಪಠ್ಯವಾಗಿಯೇ ತರುವುದು.
5. ಸ್ಥಳ ಮತ್ತು ಬಿಂದುಗಳನ್ನು ಹೊಂದಿಸಿದ ಬಳಿಕ ಮಾದರಿಗಳನ್ನೂ, ಅವುಗಳ ಬಳಿಕ ಫಲಿತಾಂಶಗಳನ್ನೂ ಸೇರಿಸುವುದು.
6. ಹೊಂದಿಕೆಯಾಗದ ಸಾಲುಗಳನ್ನು ಕೈಬಿಡದೆ ಪ್ರತ್ಯೇಕ ಪಟ್ಟಿಯಲ್ಲಿ ಇರಿಸುವುದು.
7. ಹಾಳೆಯ ಸಾಲುಗಳು, ಆಮದಾದ ಸಾಲುಗಳು ಮತ್ತು ತಡೆಹಿಡಿದ ಸಾಲುಗಳ ಲೆಕ್ಕ ತಾಳೆಯಾಗುವುದನ್ನು ಖಚಿತಪಡಿಸುವುದು.

ಅನಂತರ ಮೌಲ್ಯಗಳ ಪರಿಶೀಲನೆ ನಡೆಯುತ್ತದೆ. ಪಿಎಚ್ 0ಯಿಂದ 14ರ ಹೊರಗಿದ್ದರೆ ಅದು ಬೆರಳಚ್ಚಿನ ದೋಷ. ಸಂಗ್ರಹಿಸಿದ ದಿನಕ್ಕಿಂತ ಮೊದಲೇ ಪರೀಕ್ಷೆಯಾದ ಮಾದರಿ ಇರಲು ಸಾಧ್ಯವಿಲ್ಲ. ಒಂದೇ ಬಾವಿಯ ಫ್ಲೋರೈಡ್ ಹಿಂದಿನ ವರ್ಷ 2.1 ಇದ್ದು ಈ ವರ್ಷ 0.21 ಬಂದರೆ ದಶಮಾಂಶದ ಬಿಂದು ಸರಿದಿರುವ ಸಂಶಯವಿದೆ. ಎಲ್ಲ ಮುಖ್ಯ ಅಯಾನುಗಳನ್ನು ಪರೀಕ್ಷಿಸಿದ್ದಲ್ಲಿ, ಧನ ಅಯಾನುಗಳ ಮತ್ತು ಋಣ ಅಯಾನುಗಳ ಒಟ್ಟು ವಿದ್ಯುದಂಶ ಹೆಚ್ಚುಕಡಿಮೆ ಸಮವಾಗಿರಬೇಕೆಂಬ ರಸಾಯನಶಾಸ್ತ್ರದ ನಿಯಮವನ್ನೂ ತಾಳೆಗೆ ಬಳಸಲಾಗುತ್ತದೆ. ಸಂಶಯ ಬಂದ ಮೌಲ್ಯವನ್ನು ಆಮದು ಮಾಡುವವರು ತಾವೇ ತಿದ್ದುವುದು ಸರಿಯಲ್ಲ. ಗುರುತು ಹಾಕಿ ಪ್ರಯೋಗಾಲಯದ ಮೂಲ ಪುಸ್ತಕದೊಡನೆ ಹೋಲಿಸಬೇಕು. ತಿದ್ದುಪಡಿಯಾದಾಗ ಹಳೆಯ ಮೌಲ್ಯ, ಹೊಸ ಮೌಲ್ಯ, ದಿನಾಂಕ ಮತ್ತು ಕಾರಣ ನಾಲ್ಕೂ ದಾಖಲಾಗಬೇಕು.

## ಬಳಕೆಯಲ್ಲಿರುವ ತಂತ್ರಾಂಶಗಳು

ಸಣ್ಣ ಅಧ್ಯಯನಗಳಿಗೆ ಲಿಬ್ರೆಆಫೀಸ್ ಬೇಸ್ ಅಥವಾ ಎಸ್‌ಕ್ಯೂಲೈಟ್, ದೊಡ್ಡ ಸಂಗ್ರಹಗಳಿಗೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಮುಂತಾದ ಮುಕ್ತ ತಂತ್ರಾಂಶಗಳು ದೊರೆಯುತ್ತವೆ. ಎಸ್‌ಕ್ಯೂಲೈಟ್‌ನ ಸಾಮಾನ್ಯ ಕೋಷ್ಟಕಗಳು ಸಂಖ್ಯೆಯ ಅಂಕಣದಲ್ಲಿ ಪಠ್ಯವನ್ನೂ ಸ್ವೀಕರಿಸುತ್ತವೆ. ಇದನ್ನು ತಡೆಯುವ ಕಟ್ಟುನಿಟ್ಟಿನ ಕೋಷ್ಟಕಗಳ ಸೌಲಭ್ಯ 2021ರಲ್ಲಿ ಬಂದಿತು. ಹೆಸರುಗಳ ಭಿನ್ನ ಕಾಗುಣಿತಗಳನ್ನು ಗುಂಪುಮಾಡಲು ಓಪನ್‌ರಿಫೈನ್ ಉಪಯುಕ್ತ. ಆರೋಗ್ಯ ಕ್ಷೇತ್ರದಲ್ಲಿ ಓಸ್ಲೋ ವಿಶ್ವವಿದ್ಯಾಲಯದಲ್ಲಿ ಬೆಳೆದ ಡಿಎಚ್‌ಐಎಸ್2 ಹಲವು ದೇಶಗಳಲ್ಲಿದೆ. ಪ್ರಯೋಗಾಲಯಗಳಿಗೆಂದೇ ಮಾದರಿಯ ಸ್ವೀಕಾರದಿಂದ ವರದಿಯವರೆಗೆ ಎಲ್ಲವನ್ನೂ ನಿರ್ವಹಿಸುವ ಪ್ರಯೋಗಾಲಯ ಮಾಹಿತಿ ನಿರ್ವಹಣಾ ವ್ಯವಸ್ಥೆಗಳೂ ಇವೆ. ತಂತ್ರಾಂಶ ಯಾವುದೇ ಆದರೂ ಮೇಲೆ ಹೇಳಿದ ವಿಂಗಡಣೆಯ ತತ್ತ್ವ ಒಂದೇ.

## ಇತಿಮಿತಿಗಳು

ಉತ್ತಮ ರಚನೆಯು ಕೆಟ್ಟ ಮಾದರಿಯನ್ನು ಒಳ್ಳೆಯದಾಗಿಸುವುದಿಲ್ಲ. ಸರಿಯಾಗಿ ತೊಳೆಯದ ಸೀಸೆ, ತಡವಾಗಿ ತಲುಪಿದ ಮಾದರಿ, ಹಳೆಯ ರಾಸಾಯನಿಕ – ಇವುಗಳ ದೋಷ ದತ್ತಸಂಚಯದಲ್ಲಿ ತಾನಾಗಿ ಕಾಣಿಸದು. ಅತಿ ಸೂಕ್ಷ್ಮವಾದ ರಚನೆಯಿಂದ ನಮೂದಿಸುವವರ ಕೆಲಸವೂ ಹೆಚ್ಚುತ್ತದೆ. ಕಡ್ಡಾಯ ಅಂಕಣಗಳು ಅತಿಯಾದರೆ ಅವನ್ನು ಏನಾದರೊಂದರಿಂದ ತುಂಬುವ ಪ್ರವೃತ್ತಿ ಬೆಳೆಯುತ್ತದೆ. ಆದ್ದರಿಂದ ಬಿಂದು, ದಿನಾಂಕ, ವಿಧಾನ, ಏಕಮಾನ ಮತ್ತು ಸ್ಥಿತಿ ಎಂಬ ಐದನ್ನು ಕಡ್ಡಾಯವಾಗಿಸಿ, ಉಳಿದವನ್ನು ಐಚ್ಛಿಕವಾಗಿ ಇಡುವುದು ಹಿತಕರ. ಈ ಐದು ಇದ್ದರೆ, ಹಾಳೆಯನ್ನು ಬರೆದವರು ವರ್ಗವಾಗಿ ಹೋದ ಮೇಲೂ ಆ ಬಾವಿಯ ನೀರನ್ನು ಕುಡಿಯಬಹುದೇ ಎಂಬ ಪ್ರಶ್ನೆಗೆ ದಾಖಲೆಯಿಂದಲೇ ಉತ್ತರ ದೊರೆಯುತ್ತದೆ.

## ಇವನ್ನೂ ನೋಡಿ

* ದತ್ತಸಂಚಯ
* ಫ್ಲೋರೋಸಿಸ್
* ಗದಗ ಜಿಲ್ಲೆ
* ಕಪ್ಪತಗುಡ್ಡ
* ಯುನಿಕೋಡ್